ನಡುಗಿಸುವ ಅಂಗಿ ಮತ್ತು ನಮ್ಮ ಕಫ



ನಮ್ಮ ಸಂಘದ ವೈದ್ಯಕೀಯ ಸಹಾಯ ನಿಧಿಯಿಂದ ಒಂದಿಷ್ಟು ಹಣ ತೆಗೆದು, ಅದಕ್ಕೆ ಸರಿಸಮನಾಗಿ ಕೆಲವು ಹೋಟೆಲು ಧಣಿಗಳು ಕೊಡಲೊಪ್ಪಿರುವ ಹಣವನ್ನೂ ಸೇರಿಸಿ, ಎದೆಯ ಕಫ ಸಡಿಲಿಸುವ ಯಂತ್ರವೊಂದನ್ನು ಕೊಳ್ಳಬೇಕೆಂದು ಸೂಚನೆ ಬಂದಿರುವುದು ತಮಗೆ ತಿಳಿದೇ ಇದೆ. ಯಂತ್ರವನ್ನು ಸಂಘದ ಕೊಠಡಿಯಲ್ಲಿಡುವುದು, ಕೆಮ್ಮು ದಮ್ಮಿನ ಕಾರ್ಮಿಕರು ಬಂದು ಅದನ್ನು ಉಪಯೋಗಿಸಿಕೊಳ್ಳುವುದು, ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತಿದ ಅಮೃತಶಿಲೆಯ ಫಲಕವನ್ನು ಹಾಕುವುದು. ಬರುವ ಭಾನುವಾರದ ಸಭೆಯಲ್ಲಿ ನಾವೆಲ್ಲರೂ ಇದಕ್ಕೆ ಕೈಯೆತ್ತಬೇಕಂತೆ. ನಾವು ಕೈಯೆತ್ತುವುದಿಲ್ಲ. ಏಕೆಂಬುದನ್ನು ಸಭೆಗೆ ಮುಂಚೆಯೇ ಬರೆದು ತಿಳಿಸುತ್ತಿದ್ದೇವೆ. ಸಭೆಯಲ್ಲಿ ಮಾತಿಗೆ ಐದು ನಿಮಿಷ ಕೊಡುತ್ತಾರೆ. ಅದರಲ್ಲಿ ಎರಡು ನಿಮಿಷ ಅಧ್ಯಕ್ಷರಿಗೂ ವೇದಿಕೆಯ ಮೇಲಿನ ಹಿರಿಯರಿಗೂ ವಂದಿಸುವುದರಲ್ಲೇ ಹೋಗುತ್ತದೆ.

ನಾವು ಏಳನೆಯ ಇಯತ್ತೆ ದಾಟಿ ಮುಂಬಯಿಗೆ ಬಂದವರು. ಮೋರಿಯಲ್ಲಿ ಕಪ್ಪುಬಸಿ ತೊಳೆದೆವು, ಟೇಬಲು ಒರೆಸಿದೆವು, ಆಮೇಲೆ ಭಟ್ಟಿಯ ಮುಂದೆ ನಿಂತೆವು. ವೈದ್ಯಶಾಸ್ತ್ರ ಓದಿದವರಲ್ಲ. ಆದರೆ ಕೆಮ್ಮುವವರ ನಡುವೆ ಇಪ್ಪತ್ತು ವರ್ಷ ಮಲಗಿದವರು. ಹೋಟೆಲು ಮುಚ್ಚಿದ ಮೇಲೆ ಟೇಬಲುಗಳನ್ನು ಜೋಡಿಸಿ ಮಲಗಿದಾಗ ರಾತ್ರಿ ಎರಡು ಗಂಟೆಗೆ ಯಾರ ಕೆಮ್ಮು ಯಾವುದು ಎಂದು ಕಣ್ಣು ಬಿಡದೆ ಹೇಳಬಲ್ಲೆವು. ಆ ಒಂದು ಅಧಿಕಾರದಿಂದ ಮಾತಾಡುತ್ತಿದ್ದೇವೆ.

ನಾವು ಯಂತ್ರದ ವೈರಿಗಳೆಂದು ಈಗಾಗಲೇ ಒಬ್ಬಿಬ್ಬರು ಹೇಳಿಕೊಂಡು ತಿರುಗುತ್ತಿದ್ದಾರೆ. ಅದು ಸುಳ್ಳು. ಈ ಯಂತ್ರ ಒಳ್ಳೆಯ ಯಂತ್ರ. ಅದೊಂದು ಗಾಳಿ ತುಂಬುವ ಅಂಗಿ. ತೋಳಿಲ್ಲದ ಜಾಕೀಟಿನ ಹಾಗೆ ಎದೆಗೆ ತೊಡಿಸಿ ಬಿಗಿಯುತ್ತಾರೆ. ಎರಡು ಕೊಳವೆಗಳು ಅದರಿಂದ ಒಂದು ಪೆಟ್ಟಿಗೆಗೆ ಹೋಗುತ್ತವೆ. ಪೆಟ್ಟಿಗೆಯೊಳಗಿನ ಯಂತ್ರವು ಗಾಳಿಯನ್ನು ತಳ್ಳಿ ಎಳೆದು ಮಾಡುವಾಗ ಅಂಗಿ ಸೆಕೆಂಡಿಗೆ ಐದರಿಂದ ಇಪ್ಪತ್ತು ಸಲ ಎದೆಯನ್ನು ಅದುಮಿ ಬಿಡುತ್ತದೆ. ಶ್ವಾಸನಾಳಕ್ಕೆ ಅಂಟಿಕೊಂಡ ಕಫ ಅಲುಗಿ, ತೆಳ್ಳಗಾಗಿ, ಮೇಲಕ್ಕೆ ಜರುಗುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಾರೆನ್ ವಾರ್ವಿಕ್ ಮತ್ತು ಲೀಲ್ಯಾಂಡ್ ಹ್ಯಾನ್ಸನ್ ಎಂಬ ಇಬ್ಬರು 1980ರ ದಶಕದಲ್ಲಿ ಇದನ್ನು ರೂಪಿಸಿದರು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗದ ಮಕ್ಕಳಿಗೆ ಗೋಂದಿನಂಥ ಕಫ ಕಟ್ಟುತ್ತದೆ. ಅವರ ತಾಯಿತಂದೆಗಳು ದಿನವೂ ಮಗುವನ್ನು ಮಗ್ಗುಲಾಗಿ ಮಲಗಿಸಿ, ಅಂಗೈಯನ್ನು ಬೊಗಸೆ ಮಾಡಿ ಬೆನ್ನು ತಟ್ಟಬೇಕಿತ್ತು. ತಟ್ಟುವ ಕೈಗೆ ಬದಲಾಗಿ ಬಂದದ್ದು ಈ ಅಂಗಿ.

ಇನ್ನೊಂದು ಜಾತಿಯ ಯಂತ್ರವೂ ಉಂಟು. ಪೋಲಿಯೋದಿಂದ ಎದೆಯ ಸ್ನಾಯು ಸತ್ತು, ಕೆಮ್ಮುವ ಶಕ್ತಿಯೇ ಹೋದವರಿಗಾಗಿ 1950ರ ದಶಕದಲ್ಲಿ ಬಂತು. ಗಾಳಿಯನ್ನು ಒಳಕ್ಕೆ ತುಂಬಿ, ಥಟ್ಟನೆ ಹೊರಕ್ಕೆ ಹೀರಿ, ರೋಗಿಯ ಬದಲಿಗೆ ತಾನೇ ಕೆಮ್ಮುತ್ತದೆ. ಸ್ನಾಯು ಕ್ಷಯಿಸಿದವನಿಗೆ ಅದು ಪ್ರಾಣ. ಅಂಥವನೊಬ್ಬ ನಮ್ಮ ಸಂಘದಲ್ಲಿದ್ದು, ವೈದ್ಯರು ಬೇಕೆಂದು ಬರೆದುಕೊಟ್ಟರೆ, ನಿಧಿಯ ಕಡೆಯ ಕಾಸನ್ನು ಅದಕ್ಕೆ ಸುರಿಯಲು ನಾವೇ ಮೊದಲು ಕೈಯೆತ್ತುವೆವು.

ಆದರೆ ನಮ್ಮವರ ಎದೆಯೊಳಗಿರುವ ರೋಗ ಯಾವುದು? ಅದನ್ನು ಯಾರು ನೋಡಿದ್ದಾರೆ? ಅಂಗಿ ಹೊಲಿಸುವ ಮೊದಲು ಮೈಯ ಅಳತೆ ತೆಗೆಯುವುದು ಲೋಕದ ರೂಢಿ.

ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಮೋರಿಯ ಹುಡುಗ ಪೊರಕೆಯಿಂದ ನೀರನ್ನು ಬಾಗಿಲ ಕಡೆ ತಳ್ಳುವ ಹಾಗೆ ಅವು ಹಗಲಿರುಳೂ ಕಫವನ್ನು ಗಂಟಲ ಕಡೆ ತಳ್ಳುತ್ತಿರುತ್ತವೆ. ಬೀಡಿಯ ಹೊಗೆ, ಭಟ್ಟಿಯ ಹೊಗೆ, ಹತ್ತಿಯ ಧೂಳು ವರ್ಷಗಟ್ಟಲೆ ಬಿದ್ದರೆ ಈ ಪೊರಕೆಯ ಕಡ್ಡಿಗಳು ಮುರಿಯುತ್ತವೆ. ಇತ್ತ ಕಫ ಮಾಡುವ ಗ್ರಂಥಿಗಳು ಊದಿಕೊಂಡು ಇಮ್ಮಡಿ ಕಫ ಮಾಡುತ್ತವೆ. ಗುಡಿಸುವವನಿಲ್ಲ, ಕಸ ಮಾತ್ರ ಹೆಚ್ಚು. ವರ್ಷದಲ್ಲಿ ಮೂರು ತಿಂಗಳು, ಎರಡು ವರ್ಷ ಒಂದೇ ಸಮನೆ ಕಫದ ಕೆಮ್ಮಿದ್ದು, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ ವೈದ್ಯರು ಅದನ್ನು ಹಳೇ ಬ್ರಾಂಕೈಟಿಸ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಹೆಸರೇ ಇಲ್ಲ. "ಇದ್ದದ್ದೇ ಕೆಮ್ಮು" ಎನ್ನುತ್ತೇವೆ. ಕ್ಷಯ ಬಂದು ವಾಸಿಯಾದವರ ಪುಪ್ಪುಸದಲ್ಲಿ ನಾಳಗಳು ಹಿಗ್ಗಿ ಚೀಲದಂತೆ ಜೋತುಬಿದ್ದು, ಅದರಲ್ಲಿ ಕಫ ನಿಂತು ಕೊಳೆಯುವುದುಂಟು, ಅದು ಬ್ರಾಂಕಿಯೆಕ್ಟಾಸಿಸ್. ಮೂರನೆಯದರಲ್ಲಿ ಗಾಳಿಯ ಗೂಡುಗಳೇ ಹರಿದು ಹೋಗಿರುತ್ತವೆ, ಕಫ ಅಷ್ಟಾಗಿ ಇರುವುದೇ ಇಲ್ಲ, ದಮ್ಮು ಮಾತ್ರ. ಕಫವೇ ಇಲ್ಲದ ಎದೆಯನ್ನು ನಡುಗಿಸಿ ಏನು ಪ್ರಯೋಜನ? ಖಾಲಿ ಡಬ್ಬಿಯನ್ನು ಅಲುಗಾಡಿಸಿದ ಹಾಗೆ. ಕಫದಲ್ಲಿ ರಕ್ತ ಬೀಳುತ್ತಿರುವವನಿಗೆ, ಪಕ್ಕೆಲುಬು ಮುರಿದವನಿಗೆ, ಎದೆಗೂಡಿನಲ್ಲಿ ಗಾಳಿ ಸೋರಿದವನಿಗೆ ಈ ಅಂಗಿ ಕೇಡನ್ನೇ ಮಾಡಬಹುದು. ಸಂಘದ ಕೊಠಡಿಯಲ್ಲಿ ಸಂಜೆ ಕೂತಿರುವ ನಮ್ಮ ಗುಮಾಸ್ತರು ಇವರಲ್ಲಿ ಯಾರು ಯಾರೆಂದು ಮುಖ ನೋಡಿ ಹೇಳಬಲ್ಲರೇ?

ಇನ್ನು ಲೆಕ್ಕಕ್ಕೆ ಬರೋಣ. ಗಲ್ಲೆಯ ಮೇಲೆ ಕೂರದಿದ್ದರೂ ಲೆಕ್ಕ ನಮಗೂ ಬರುತ್ತದೆ. ಅಂಗಿಯನ್ನು ಒಂದು ಸಲ ತೊಟ್ಟರೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುನಡುವೆ ನಿಲ್ಲಿಸಿ ಕೆಮ್ಮಿ ಕಫ ತೆಗೆಯಬೇಕು. ಹೀಗೆ ದಿನಕ್ಕೆ ಎರಡು ಸಲ, ದಿನವೂ. ತಿಂಗಳಿಗೊಮ್ಮೆ ಬಂದು ತೊಟ್ಟು ಹೋದರೆ ಕ್ಷೌರ ಮಾಡಿಸಿಕೊಂಡಷ್ಟೂ ಫಲವಿಲ್ಲ. ಕಫದ ಕೆಮ್ಮಿನವರು ನಲವತ್ತು ಜನ ಎಂದಿಟ್ಟುಕೊಳ್ಳಿ. ನಲವತ್ತು ಜನಕ್ಕೆ ಎರಡೆರಡು ಅರ್ಧಗಂಟೆಯೆಂದರೆ ನಲವತ್ತು ಗಂಟೆ. ದಿನಕ್ಕಿರುವುದು ಇಪ್ಪತ್ತನಾಲ್ಕು. ಉಳಿದ ಹದಿನಾರು ಗಂಟೆಯನ್ನು ದಾನಿಗಳು ಎಲ್ಲಿಂದ ತರುವರು? ಸಂಘದ ಕೊಠಡಿ ತೆರೆದಿರುವುದಾದರೋ ಸಂಜೆ ಮೂರು ಗಂಟೆ ಹೊತ್ತು. ಆ ಹೊತ್ತಿನಲ್ಲಿ ಹೋಟೆಲು ಕೆಲಸಗಾರನೆಂಬವನು ಎಲ್ಲಿರುತ್ತಾನೆಂದು ಸೂಚನೆ ಮಾಡಿದವರಿಗೆ ತಿಳಿಯದೇ? ಅವರ ಹೋಟೆಲಿನಲ್ಲೇ ಇರುತ್ತಾನೆ. ಒಬ್ಬನ ಬೆವರು, ಒಬ್ಬನ ಉಗುಳು ಹಾರಿದ ಅಂಗಿಯನ್ನು ಮತ್ತೊಬ್ಬ ತೊಡುವುದು ಕ್ಷಯದ ಈ ಊರಿನಲ್ಲಿ ತಕ್ಕದ್ದೇ ಎಂಬುದನ್ನೂ ಕೇಳಬೇಕಾಗಿದೆ. ಹಾಗೆ ಹಂಚಿಕೊಳ್ಳುವ ವಸ್ತುವಲ್ಲ ಅದು, ಒಬ್ಬರ ಮನೆಯಲ್ಲಿ ಒಬ್ಬರಿಗಾಗಿ ಇರತಕ್ಕದ್ದು.

ಹಾಗಾದರೆ ಒಬ್ಬೊಬ್ಬರೂ ಕೊಂಡುಕೊಳ್ಳಲಿ ಎನ್ನುವಿರೋ? ಕೊಂಡವರ ಕಥೆಯನ್ನು ಹೇಳುತ್ತೇವೆ.

ನಮ್ಮ ಚಾಳಿನ ಕೆಳ ಮಾಳಿಗೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಬೆಳಗಾವಿ ಕಡೆಯವರು. ಎಲ್ಲರೂ ಕಾಕಾ ಎಂದೇ ಕರೆಯುವುದು. ಹದಿನೆಂಟನೆಯ ವಯಸ್ಸಿಗೆ ಗಿರಣಿಯ ಕಾರ್ಡಿಂಗ್ ಖಾತೆಗೆ ಬದಲಿಯಾಗಿ ಸೇರಿ, 1982ರ ಜನವರಿ 18ರಂದು ಮುಷ್ಕರ ಶುರುವಾದಾಗ ಹೊರಗೆ ಬಂದವರು. ಆ ಎರಡೂವರೆ ಲಕ್ಷ ಜನರಲ್ಲಿ ಅನೇಕರಂತೆ ಅವರೂ ಮತ್ತೆ ಒಳಗೆ ಹೋಗಲಿಲ್ಲ. ಗಿರಣಿ ಹೋಯಿತು, ಅದರ ಜಾಗದಲ್ಲಿ ಈಗ ಗಾಜಿನ ಕಟ್ಟಡ ಎದ್ದಿದೆ, ಕಾಕಾನ ಎದೆಯೊಳಗಿನ ಗಿರಣಿ ಮಾತ್ರ ನಿಂತಿಲ್ಲ. "ಏನ್ ಮಾಡೂದು ತಮ್ಮಾ, ಎದಿಯೊಳಗ ಹತ್ತಿ ಕುಂತದ, ಹೊರಗ ಬರಾಕ ಒಲ್ಲದು" ಎನ್ನುತ್ತಾರೆ. ಎರಡು ವರ್ಷದ ಹಿಂದೆ ಒಂದು ಖಾಸಗಿ ಆಸ್ಪತ್ರೆಯ ಬಾಗಿಲಲ್ಲೇ ಒಬ್ಬ ಏಜಂಟ ಸಿಕ್ಕಿ, ಅಂಗಿಯನ್ನು ತೊಡಿಸಿ ತೋರಿಸಿದನು. ಅಂದು ಬೊಗಸೆ ತುಂಬ ಕಫ ಬಂತು. ಮಗ ಸೊಸೆಯ ಸರ ಅಡವಿಟ್ಟು, ಚೀಟಿಯೆತ್ತಿ, ಲಕ್ಷದ ಮೇಲೆ ಸುರಿದು ಯಂತ್ರ ತಂದನು. ಹತ್ತಡಿ ಹನ್ನೆರಡಡಿ ಖೋಲಿ, ಆರು ಜನ. ಯಂತ್ರ ಚಾಲೂ ಆದರೆ ಮೊಮ್ಮಗಳಿಗೆ ಓದಲಾಗದು, ಅಂಗಿ ಬಿಗಿದರೆ ಕಾಕಾನಿಗೆ ಉಂಡದ್ದು ಮೇಲೆ ಬರುವುದು. ಎಲ್ಲಕ್ಕೂ ಮಿಗಿಲಾಗಿ, ಸಡಿಲಾದ ಕಫವನ್ನು ಹೊರಗೆ ತರುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಅಂಗಿ ನಡುಗಿಸುತ್ತದೆ ಅಷ್ಟೇ, ಕೆಮ್ಮಬೇಕಾದವನು ಮನುಷ್ಯನೇ. ಮೂರು ತಿಂಗಳಿಗೆ ಅದು ಗೂಟಕ್ಕೆ ಏರಿತು. ಈಗಲೂ ಕೊಡೆಯ ಪಕ್ಕದಲ್ಲಿ ತೂಗುತ್ತಿದೆ. ಏಜಂಟನ ಫೋನು ಹತ್ತುವುದಿಲ್ಲ. ಸರ ಇನ್ನೂ ಮಾರವಾಡಿಯ ಪೆಟ್ಟಿಗೆಯಲ್ಲಿದೆ.

ಕಳೆದ ಮಳೆಗಾಲದಲ್ಲಿ ಕಾಕಾನನ್ನು ನಾವೇ ಒಂದು ಸಾರ್ವಜನಿಕ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅರ್ಧ ದಿನ ಸಾಲಿನಲ್ಲಿ ನಿಂತೆವು, ಅದನ್ನು ಮುಚ್ಚಿಡುವುದಿಲ್ಲ. ಕೊನೆಗೆ ಅಂಗಸಾಧನೆ ಚಿಕಿತ್ಸೆ ಮಾಡುವ ಬಾಯಿಯವರೊಬ್ಬರು ಕಾಕಾನನ್ನು ಒಂದು ಕುರ್ಚಿಯ ಮೇಲೆ ಕೂರಿಸಿ ಕಲಿಸಿದರು. ಮೊದಲು ಹೆಗಲು ಸಡಿಲ ಬಿಟ್ಟು ಮೆಲ್ಲಗೆ ಉಸಿರಾಡುವುದು. ಆಮೇಲೆ ಮೂರು ನಾಲ್ಕು ಸಲ ಆಳವಾಗಿ ಎಳೆದು, ಒಂದೆರಡು ಎಣಿಸುವಷ್ಟು ಹಿಡಿದು, ಬಿಡುವುದು. ಮತ್ತೆ ಮೆಲ್ಲಗೆ. ಆಮೇಲೆ ಬಾಯಿ ಅಗಲಿಸಿ, ಗಂಟಲು ತೆರೆದಿಟ್ಟು, ಹೊಟ್ಟೆಯಿಂದ "ಹಾ" ಎಂದು ಗಾಳಿಯನ್ನು ತಳ್ಳುವುದು. ಗಿರಾಕಿ ನೋಡದಿರುವಾಗ ಗಾಜಿನ ಲೋಟಕ್ಕೆ ಹಬೆ ಬಿಟ್ಟು ಒರೆಸುತ್ತೇವಲ್ಲ, ಅದೇ "ಹಾ", ಸ್ವಲ್ಪ ಜೋರಾಗಿ. (ಈ ಮಾತು ಧಣಿಗಳ ಕಿವಿಗೆ ಬೀಳದಿರಲಿ.) ಎರಡು "ಹಾ" ಆದಾಗ ಕಫ ಗಂಟಲಿಗೆ ಬರುತ್ತದೆ, ಆಗ ಒಂದೇ ಕೆಮ್ಮು ಸಾಕು. ಪಕ್ಕೆ ನೋಯುವ ಹಾಗೆ ಗಂಟೆಗಟ್ಟಲೆ ಕೆಮ್ಮುವುದು ಬೇಡ. ಈ "ಹಾ" ವಿದ್ಯೆಯನ್ನು ಆಸ್ತಮಾದವರಿಗಾಗಿ ನ್ಯೂಜಿಲೆಂಡಿನವರು 1960ರ ದಶಕದಲ್ಲಿ ಬರೆದು ಪ್ರಕಟಿಸಿದರು. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯವರು ಅದನ್ನು ತಿದ್ದಿ ಬೆಳೆಸಿದರು. ಮಗ್ಗುಲು ಬದಲಿಸಿ ಮಲಗಿಸಿ ಕಫ ಇಳಿಸುವ ಕ್ರಮವಂತೂ ಇನ್ನೂ ಹಳೆಯದು, ಲಂಡನ್ನಿನ ವೈದ್ಯ ವಿಲಿಯಂ ಯೂವರ್ಟ್ 1901ರಲ್ಲೇ ಅದನ್ನು ಬರೆದಿದ್ದರು.

ಎರಡನೆಯ ಸಲ ಹೋದಾಗ ಆ ಬಾಯಿಯವರು ಒಂದು ನೀರಿನ ಬಾಟಲಿಯನ್ನು ಎದುರಿಗಿಟ್ಟರು. ಹತ್ತು ಸೆಂಟಿಮೀಟರು ಎತ್ತರಕ್ಕೆ ನೀರು, ಅದರೊಳಗೆ ಒಂದು ರಬ್ಬರು ನಳಿಗೆ. ಮೂಗಿನಲ್ಲಿ ಉಸಿರೆಳೆದು ನಳಿಗೆಯಲ್ಲಿ ಊದಿದರೆ ನೀರು ಗುಳುಗುಳು ಎನ್ನುತ್ತದೆ. ನೀರಿನ ಭಾರ ಉಸಿರಿಗೆ ಎದುರು ನಿಲ್ಲುವುದರಿಂದ ನಾಳಗಳು ಮುಚ್ಚಿಕೊಳ್ಳದೆ ತೆರೆದಿರುತ್ತವೆ, ಗುಳ್ಳೆಗಳ ನಡುಕ ಒಳಕ್ಕೂ ಹೋಗಿ ಕಫವನ್ನು ಅಲುಗಿಸುತ್ತದೆ. ಇದೇ ತತ್ವದ ಮೇಲೆ ಉಕ್ಕಿನ ಗುಂಡಿಟ್ಟ ಪೀಪಿಯಂಥ ಸಾಧನವೂ ಉಂಟು. ಊದಿದರೆ ಗುಂಡು ಕುಣಿಯುತ್ತದೆ. ಅಂಗೈಯಲ್ಲಿ ಹಿಡಿಸುತ್ತದೆ, ಕರೆಂಟು ಬೇಡ. ನಡುಗಿಸುವುದೇ ದೊಡ್ಡ ವಿದ್ಯೆಯಾದರೆ ಅದು ಇಲ್ಲಿಯೂ ಇದೆಯಲ್ಲ! ಯಾರೂ ಈ ಪತ್ರಿಕೆ ಓದಿಕೊಂಡು ತಾವೇ ಬಾಟಲಿ ಕಟ್ಟಬಾರದು. ನಳಿಗೆಯ ಅಳತೆ, ನೀರಿನ ಅಳತೆ, ದಿನವೂ ನೀರು ಬದಲಿಸಿ ತೊಳೆಯುವುದು, ಇದೆಲ್ಲ ಬಲ್ಲವರ ಕಣ್ಣೆದುರು ಕಲಿಯತಕ್ಕದ್ದು.

ಕಾಕಾ ವಾಸಿಯಾದರೆಂದು ನಾವು ಹೇಳುವುದಿಲ್ಲ. ಈಗಲೂ ಒಂದು ಮಾಳಿಗೆ ಹತ್ತಿದರೆ ಕಂಬ ಹಿಡಿದು ನಿಲ್ಲುತ್ತಾರೆ. ಆದರೆ ರಾತ್ರಿ ಮಲಗುತ್ತಾರೆ. ಆ ಖೋಲಿಯ ಆರು ಜನವೂ ಮಲಗುತ್ತಾರೆ.

ನಮ್ಮ ಮಾತಿಗೆ ಆಧಾರವೇನೆಂದು ಕೇಳುವವರಿಗೆ ಆ ಬಾಯಿಯವರು ಓದಿ ಅರ್ಥ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇವೆ. ಹೊಗೆಯಿಂದ ಕೆಟ್ಟ ಎದೆಯ ರೋಗಿಗಳಲ್ಲಿ ಕಫ ತೆಗೆಯುವ ನಾನಾ ಕ್ರಮಗಳನ್ನು ಪರೀಕ್ಷಿಸಿದ ವರದಿಗಳನ್ನೆಲ್ಲ ಕೂಡಿಸಿ ಕಾಕ್ರೇನ್ ಸಂಸ್ಥೆಯವರು 2012ರಲ್ಲಿ ಒಂದು ವಿಮರ್ಶೆ ಪ್ರಕಟಿಸಿದರು. ಈ ಕ್ರಮಗಳಿಂದ ಅಪಾಯವಿಲ್ಲ, ರೋಗ ಉಲ್ಬಣಿಸಿದಾಗ ಉಸಿರಾಟದ ಯಂತ್ರದ ಆಸರೆ ಬೇಕಾಗುವುದು ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಲಾಭ ಬಹಳ ದೊಡ್ಡದಲ್ಲ ಎಂದು ಅದರ ಸಾರ. ನಾಳ ಹಿಗ್ಗಿ ಕಫ ನಿಲ್ಲುವವರ ವಿಷಯದಲ್ಲಿ ಯುರೋಪಿನ ಶ್ವಾಸರೋಗ ವೈದ್ಯರ ಸಂಘ 2017ರಲ್ಲಿ, ತರಬೇತಾದವರು ಕಲಿಸಿಕೊಟ್ಟ ಕಫ ತೆಗೆಯುವ ಕ್ರಮವನ್ನು ದಿನಕ್ಕೆ ಒಂದೆರಡು ಸಲ ಮಾಡಬೇಕೆಂದು ಹೇಳಿತು. ಕಲಿಸಿಕೊಟ್ಟ ಎಂಬ ಮಾತನ್ನು ಗಮನಿಸಿರಿ. ಇನ್ನು ಅಂಗಿಯ ವಿಷಯ. ಅದು ಯಾವ ರೋಗಕ್ಕಾಗಿ ಹುಟ್ಟಿತೋ ಆ ರೋಗದವರಲ್ಲೇ ಕೆನಡಾದಲ್ಲಿ ಒಂದು ವರ್ಷ ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ಅಂಗಿ, ಇನ್ನೊಂದು ಗುಂಪಿಗೆ ಊದುವಾಗ ಎದುರೊತ್ತಡ ಕೊಡುವ ಸಣ್ಣ ಮುಖವಾಡ. 2013ರಲ್ಲಿ ಫಲಿತಾಂಶ ಬಂತು: ಮುಖವಾಡದವರಿಗೆ ರೋಗ ಉಲ್ಬಣಿಸಿದ್ದು ಕಡಿಮೆ ಸಲ. ಬೆಲೆ ಹೆಚ್ಚಿದ ಮಾತ್ರಕ್ಕೆ ಗುಣ ಹೆಚ್ಚೆಂದು ನಂಬಲು ನಾವೇನು ಮದುವೆ ಮನೆಯ ಬೀಗರೇ?

ಈಗ ದಾನಿಗಳ ಕಡೆ ತಿರುಗೋಣ. ಹೆಸರು ಹೇಳುವುದು ಬೇಡ. ಕೊಡಲೊಪ್ಪಿದವರಲ್ಲಿ ಒಬ್ಬರ ಅಡಿಗೆಮನೆಯಲ್ಲಿ ನಾವು ನಾಲ್ಕು ವರ್ಷ ದುಡಿದಿದ್ದೇವೆ. ಅಲ್ಲಿ ಹೊಗೆ ಹೀರುವ ಫ್ಯಾನು ಒಂದಿತ್ತು. ಮೇಲಿನ ಮಾಳಿಗೆಯವರು ವಾಸನೆಯ ತಕರಾರು ಮಾಡಿದರೆಂದು ಅದರ ಬಾಯಿಗೆ ತಗಡು ಹೊಡೆಸಿದರು. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ಒಳಗಿದ್ದ ಎಂಟು ಜನವೂ ಒಟ್ಟಿಗೆ ಕೆಮ್ಮುತ್ತಿದ್ದೆವು. ಹೊರಗೆ ಗಲ್ಲೆಯ ಬಳಿ ಊದುಬತ್ತಿಯ ಪರಿಮಳ. ನಮ್ಮ ದೋಸೆ ಭಟ್ಟರು ಬೀಡಿ ಮುಟ್ಟಿದವರಲ್ಲ, ನಲವತ್ತೈದಕ್ಕೆ ದಮ್ಮು ಹತ್ತಿ ಊರಿಗೆ ಹೋದರು. ಹೋಗುವಾಗ ಧಣಿಗಳು ಶಾಲು ಹೊದಿಸಿ ಕಳಿಸಿದರು. ಈಗ ಅದೇ ಧಣಿಗಳು ಕಫದ ಯಂತ್ರಕ್ಕೆ ದಾನ ಕೊಡುತ್ತಾರೆ. ಆ ತಗಡನ್ನು ಬಿಚ್ಚಿಸಲು ಒಂದು ತಿರುಪುಳಿ ಸಾಕು. ಅದಕ್ಕೆ ಅಮೃತಶಿಲೆಯ ಫಲಕ ಹಾಕುವವರಿಲ್ಲ, ಅದೇ ತೊಂದರೆ.

ಎಣ್ಣೆಯಲ್ಲಿ ಜೋರು ಉರಿಯ ಮೇಲೆ ಕರಿಯುವಾಗ ಏಳುವ ಹೊಗೆ ಮನುಷ್ಯನಿಗೆ ಬಹುಶಃ ಕ್ಯಾನ್ಸರು ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆಯ ಅಂಗ 2010ರಲ್ಲಿ ಪ್ರಕಟಿಸಿತು. ಆದ್ದರಿಂದ ಗ್ಯಾಸು ಬಂತು, ಇನ್ನು ಹೊಗೆಯೆಲ್ಲಿ ಎಂಬ ಮಾತು ನಡೆಯದು. 2025ರ ಜನವರಿಯಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯ ಸೌದೆ, ಇದ್ದಿಲಿನ ಬೇಕರಿಗಳು ಆರು ತಿಂಗಳೊಳಗೆ ಬೇರೆ ಇಂಧನಕ್ಕೆ ಬದಲಾಗಬೇಕೆಂದು ಆಜ್ಞೆ ಮಾಡಿತು. ಸಂತೋಷ. ಅದು ಊರಿನ ಗಾಳಿ ಕೆಟ್ಟಿತೆಂದು ಬಂದ ಆಜ್ಞೆ. ಒಲೆಯ ಮುಂದೆ ನಿಂತವನ ಎದೆ ಕೆಟ್ಟಿತೆಂದು ಆಜ್ಞೆ ಬರುವುದು ಯಾವಾಗ? 1948ರ ಕಾರ್ಖಾನೆ ಕಾನೂನಿನ 14ನೆಯ ಕಲಮು, ಧೂಳು ಹೊಗೆ ಏಳುವ ಜಾಗದಲ್ಲೇ ಅದನ್ನು ಹೀರಿ ಹೊರಹಾಕುವ ಏರ್ಪಾಡು ಮಾಡಬೇಕೆಂದು ವಿಧಿಸಿತ್ತು. ಬಹಳ ಒಳ್ಳೆಯ ಕಲಮು. ಆದರೆ ಅದೇ ಕಾನೂನಿನ ವ್ಯಾಖ್ಯೆಯಲ್ಲಿ ಹೋಟೆಲು, ಉಪಾಹಾರಗೃಹಗಳು ಕಾರ್ಖಾನೆಯ ಲೆಕ್ಕಕ್ಕೆ ಬಾರವೆಂದು ಬರೆದಿತ್ತು. ಹೀಗೆ ಆ ಕಲಮು ನಮ್ಮ ಅಡಿಗೆಮನೆಯ ಹೊಸ್ತಿಲ ತನಕ ಬಂದು ಹಿಂತಿರುಗಿತು.

ಗಿರಣಿಯವರಿಗಾದರೂ ಏನಾಯಿತು? ಸೆಣಬು, ನಾರು ಬಾಚುವವರು ಕೆಮ್ಮಿ ದಮ್ಮು ಹಿಡಿದು ಸಾಯುತ್ತಾರೆಂದು ಇಟಲಿಯ ವೈದ್ಯ ರಮಾಝಿನಿ 1700ರ ಸುಮಾರಿಗೇ ಬರೆದಿಟ್ಟರು. ರಜೆ ಕಳೆದು ಸೋಮವಾರ ಕೆಲಸಕ್ಕೆ ಹೋದೊಡನೆ ಎದೆ ಬಿಗಿಯುವುದೇ ಹತ್ತಿ ಧೂಳಿನ ರೋಗದ ಗುರುತೆಂದು, ಲ್ಯಾಂಕಾಶೈರಿನ ಗಿರಣಿಗಳಲ್ಲಿ 1950ರ ದಶಕದಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು ಕೆಲಸಗಾರರನ್ನು ಕೇಳಿ ಕೇಳಿ ಬರೆದುಕೊಂಡರು. ಅದಕ್ಕೆ ಬಿಸಿನೋಸಿಸ್ ಎಂದು ಹೆಸರು. ಅಮೆರಿಕದಲ್ಲಿ 1978ರಲ್ಲಿ ಸರಕಾರ ಕಾಯಿದೆ ಮಾಡಿ, ನೂಲು ತೆಗೆಯುವ ಖಾತೆಯಲ್ಲಿ ಒಂದು ಘನ ಮೀಟರು ಗಾಳಿಗೆ 200 ಮೈಕ್ರೋಗ್ರಾಮಿಗಿಂತ ಹೆಚ್ಚು ಹತ್ತಿ ಧೂಳು ಇರಕೂಡದೆಂದಿತು. ಮಾಲಿಕರು ಖರ್ಚು ತಡೆಯದೆಂದು ಕೋರ್ಟಿಗೆ ಹೋದರು; 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಾಯಿದೆಯನ್ನೇ ಎತ್ತಿಹಿಡಿಯಿತು. ನಮ್ಮಲ್ಲಿ ಕಾಗದದ ಮೇಲೆ ಹಕ್ಕಿಗೆ ಕೊರತೆಯಿರಲಿಲ್ಲ. ಪರಿಹಾರದ ಕಾನೂನಿನ ಮೂರನೆಯ ಪರಿಶಿಷ್ಟದಲ್ಲಿ ಬಿಸಿನೋಸಿಸ್ ಕಸುಬಿನ ರೋಗವೆಂದು ಹೆಸರಿಸಿದ್ದರು, 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲೂ ಅದು ಇದೆ. 1995ರಲ್ಲಿ ಮುಂಬಯಿಯ ಗಿರಣಿಯೊಂದರ ಕೆಲಸಗಾರರನ್ನು ಪರೀಕ್ಷಿಸಿ ರೋಗ ಇದೆಯೆಂದು ವೈದ್ಯರು ಪ್ರಕಟಿಸಿದ್ದೂ ಆಯಿತು. ಆದರೆ ಕಾಕಾನನ್ನು ಇಷ್ಟು ವರ್ಷದಲ್ಲಿ ಯಾವ ಡಾಕ್ಟರೂ "ಸೋಮವಾರ ನಿಮಗೆ ಹೇಗಿರುತ್ತಿತ್ತು?" ಎಂದು ಕೇಳಲಿಲ್ಲ. ಬೀಡಿ ಸೇದುತ್ತೀರಾ ಎಂದು ಕೇಳಿದರು. ಸೇದುತ್ತೇನೆ ಎಂದರು. ಅಲ್ಲಿಗೆ ಗಿರಣಿಯ ಸಾಲವೆಲ್ಲ ಬೀಡಿಯ ಖಾತೆಗೆ ಜಮೆಯಾಯಿತು.

ಬೀಡಿಯ ಮಾತು ಬಂದಾಗ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಪಾಳಿ ಮುಗಿದೊಡನೆ ಹಿಂಬಾಗಿಲಲ್ಲಿ ಕೂತು ಸೇದುವ ಬೀಡಿ ಧಣಿಗಳು ಕೊಟ್ಟದ್ದಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಬೇಕೆಂದು ಗೋಡೆಗೋಡೆಯ ಮೇಲೆ ಬರೆದಿದ್ದರೂ, ಕ್ಷಯವೆಂದು ಗೊತ್ತಾದರೆ ಮಲಗಲು ಜಾಗ ಕೊಡರೆಂದು ಹೆದರಿ, ಮೆಡಿಕಲ್ ಅಂಗಡಿಯಿಂದ ಕೆಮ್ಮಿನ ಔಷಧಿ ತಂದು ಕುಡಿದು ನಿದ್ದೆ ಹೋಗುವವರೂ ನಾವೇ. ಬರಬೇಕಾದ ಕಫವನ್ನು ಅಡಗಿಸಿಡುವ ಔಷಧಿ ಅದು! ಗಿರಾಕಿಯ ಮುಂದೆ ಕೆಮ್ಮಬಾರದೆಂದು ನುಂಗಿ ನುಂಗಿ ಅಭ್ಯಾಸವಾದ ಜನ ನಾವು. ಉಗುಳಿದರೂ ಡಬ್ಬಿಗೆ ಉಗುಳದೆ ಮೆಟ್ಟಿಲ ಮೂಲೆಗೆ ಉಗುಳುತ್ತೇವೆ.

ಇಂಡಿಯಾದಲ್ಲಿ ಹೀಗೆ ಶ್ವಾಸನಾಳ ಕಟ್ಟುವ ರೋಗದವರು 1990ರಲ್ಲಿ 2.81 ಕೋಟಿ ಇದ್ದದ್ದು 2016ಕ್ಕೆ 5.53 ಕೋಟಿ ಆದರೆಂದು ಲ್ಯಾನ್ಸೆಟ್ ಪತ್ರಿಕಾ ಸಮೂಹದಲ್ಲಿ ಬಂದ ಅಂದಾಜು. ಐದೂವರೆ ಕೋಟಿ ಅಂಗಿ ಯಾರೂ ಹೊಲಿಸಲಾರರು.

ನಿಧಿಯ ಹಣವನ್ನು ಹಾಗೇ ಇಟ್ಟು ಪೂಜೆ ಮಾಡಿರೆಂದು ನಾವು ಹೇಳುತ್ತಿಲ್ಲ. ಆ ಹಣದಲ್ಲಿ ಕಫ ತೆಗೆಯುವ ಕ್ರಮ ಬಲ್ಲ ಚಿಕಿತ್ಸಕರೊಬ್ಬರನ್ನು ವಾರಕ್ಕೆರಡು ದಿನ ಗೊತ್ತುಮಾಡಿಕೊಳ್ಳೋಣ. ಸಂಜೆ ಬೇಡ, ಮಧ್ಯಾಹ್ನ ಮೂರರಿಂದ ಐದು, ಊಟದ ಗದ್ದಲ ಮುಗಿದು ಚಹದ ಗದ್ದಲ ಏಳುವ ನಡುವೆ. ನಮ್ಮವರಿಗೆ ಸಿಗುವ ಬಿಡುವೇ ಅದು. ಅವರು ಒಬ್ಬೊಬ್ಬರನ್ನೂ ನೋಡಿ, ಕಫದವನಾರು, ಬರಿಯ ದಮ್ಮಿನವನಾರು ಎಂದು ವಿಂಗಡಿಸಿ, ಕಲಿಸಲಿ. ಬಾಟಲಿ ಸಾಕಾದವನಿಗೆ ಬಾಟಲಿ, ಗುಂಡಿನ ಪೀಪಿ ಬೇಕಾದವನಿಗೆ ಪೀಪಿ. ಕ್ರಮವಾಗಿ ನಡೆದು ದಮ್ಮು ಬೆಳೆಸುವ ವ್ಯಾಯಾಮವನ್ನೂ ಅವರೇ ಹೇಳಿಕೊಡುವರು. ವೈದ್ಯರೇ ಅಂಗಿ ಬೇಕೆಂದ ರೋಗಿಯಿದ್ದರೆ, ಕಾಕಾನ ಗೂಟದ ಮೇಲೆ ಒಂದು ತೂಗುತ್ತಿದೆ, ಕೊಡಲು ಅವರು ಸಿದ್ಧರಿದ್ದಾರೆ. ಉಸಿರು ಊದಿ ಅಳೆಯುವ ಸ್ಪೈರೋಮೀಟರಿನ ಪರೀಕ್ಷೆ ಎಲ್ಲರಿಗೂ ಒಮ್ಮೆಯಾದರೂ ಆಗಬೇಕು. ಆ ಕಾಗದವಿಲ್ಲದೆ ಚಿಕಿತ್ಸೆಯೂ ಸರಿಯಾಗದು, ಪರಿಹಾರದ ಅರ್ಜಿಯೂ ನಿಲ್ಲದು. ಬದುಕಿರುವ ಗಿರಣಿಯ ಹಿರಿಯರ ಬಳಿ ಹಳೇ ಟಿಕೀಟು, ಪಗಾರದ ಚೀಟಿ, ಇ.ಎಸ್.ಐ. ಕಾರ್ಡು ಏನಿದೆಯೋ ಅದನ್ನು ಕೂಡಿಸಿ, ಅವರವರ ಹಕ್ಕೇನಿದೆಯೆಂದು ಬಲ್ಲ ವಕೀಲರಿಗೆ ತೋರಿಸುವುದಕ್ಕೂ ಸ್ವಲ್ಪ ಹಣ ಇಡೋಣ.

ದಾನಿಗಳಿಗೂ ಕೆಲಸವಿಲ್ಲದಿಲ್ಲ. ಅವರ ಪಾಲಿನ ಹಣವನ್ನು ನಮಗೆ ಕೊಡುವುದೇ ಬೇಡ. ಅವರವರ ಅಡಿಗೆಮನೆಗೆ ಒಯ್ದು, ಭಟ್ಟಿಯ ಮೇಲೆ ಹೊಗೆ ಹೀರುವ ಕೊಡೆ ಕೂರಿಸಲಿ, ಫ್ಯಾನಿನ ಜಿಡ್ಡು ತೆಗೆಸಲಿ, ಹೊಗೆಯ ಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಏರಿಸಲಿ. ಹತ್ತು ಜನ ದುಡಿಯುವಲ್ಲಿ ಏಳು ಹೆಸರನ್ನು ಪುಸ್ತಕದ ಹೊರಗಿಟ್ಟು ಇ.ಎಸ್.ಐ. ತಪ್ಪಿಸುವ ವಿದ್ಯೆಯನ್ನು ಬಿಡಲಿ. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಲ್ಲಿ ಧಣಿಯ ಪಾಲು ನೂರಕ್ಕೆ ಮೂರೂಕಾಲು ರೂಪಾಯಿ, ಕೆಲಸಗಾರನದು ಮುಕ್ಕಾಲು ರೂಪಾಯಿ. ನೂರು ರೂಪಾಯಿ ಪಗಾರಕ್ಕೆ ಮೂರೂಕಾಲು ಕೊಡಲು ಕೈ ನಡುಗುವವರು, ನಡುಗಿಸುವ ಅಂಗಿಗೆ ಲಕ್ಷ ಕೊಡುತ್ತೇವೆನ್ನುವುದು ನಮಗೆ ಅರ್ಥವಾಗದ ಔದಾರ್ಯ. ಇಷ್ಟನ್ನು ಮಾಡಿದ ಧಣಿಗಳ ಹೆಸರನ್ನು ಈ ಪತ್ರಿಕೆಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಲು ಸಂಪಾದಕರನ್ನು ನಾವೇ ಕೇಳಿಕೊಳ್ಳುವೆವು.

ಸಭೆಯನ್ನು ಮೂರನೆಯ ಮಾಳಿಗೆಯ ಸಭಾಗೃಹದಲ್ಲಿ ಕರೆದಿದ್ದಾರೆ. ಕಫದ ಯಂತ್ರದ ವಿಚಾರಕ್ಕೆ ಕರೆದ ಸಭೆಗೆ ಕಫದವರೇ ಹತ್ತಿ ಬರಲಾರರೆಂಬುದು ಯಾರಿಗೂ ಹೊಳೆಯಲಿಲ್ಲ. ಸಭೆಯನ್ನು ಕೆಳಗೆ ಚಾಳಿನ ಅಂಗಳದಲ್ಲಿ ನಡೆಸಬೇಕೆಂದು ಕಾರ್ಯದರ್ಶಿಗಳಿಗೆ ಹದಿನೇಳು ಜನರ ಸಹಿ ಮಾಡಿ ಕೊಟ್ಟಿದ್ದೇವೆ. ಕುರ್ಚಿ ಸಾಲದಿದ್ದರೆ ಹೋಟೆಲಿನ ಬೆಂಚುಗಳನ್ನು ನಾವು ಹೊತ್ತು ತರುತ್ತೇವೆ. ಕಾಕಾ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಬಾಟಲಿಯನ್ನೂ ತರುತ್ತಾರೆ. ಅಧ್ಯಕ್ಷರು ಒಮ್ಮೆ ಊದಿ ನೋಡಬೇಕೆಂದು ಅವರ ಆಸೆ; ಆದರೆ ಅಧ್ಯಕ್ಷರು ತಮ್ಮದೇ ನಳಿಗೆ ತರತಕ್ಕದ್ದು.